ಎಮರ್ಸನ್‌ನ ಎಂಟು ಮೈದಾನಗಳು

ಅಟ್ಲಾಂಟಾ ನಗರದಿಂದ ವಾಯವ್ಯಕ್ಕೆ ಐ-75 ಹೆದ್ದಾರಿ ಹಿಡಿದು ಮುಕ್ಕಾಲು ಗಂಟೆ ಸಾಗಿದರೆ ಅಲಟೂನಾ ಸರೋವರ ಸಿಗುತ್ತದೆ. ಅದನ್ನು ದಾಟಿದರೆ ಎಮರ್ಸನ್. ಜಾರ್ಜಿಯಾ ರಾಜ್ಯದ ಬಾರ್ಟೋ ಕೌಂಟಿಗೆ ಸೇರಿದ ಪುಟ್ಟ ಊರು. ಗುಡ್ಡ ಕಡಿದಲ್ಲೆಲ್ಲ ಕೆಮ್ಮಣ್ಣು, ಅದರ ಮೇಲೆ ಪೈನ್ ಮರಗಳ ಸಾಲು. 1864ರಲ್ಲಿ ಇಲ್ಲೇ ಪಕ್ಕದ ಅಲಟೂನಾ ಕಣಿವೆಯಲ್ಲಿ ಅಮೆರಿಕದ ಅಂತರ್ಯುದ್ಧದ ಘೋರ ಕಾಳಗವೊಂದು ನಡೆದಿತ್ತು. ಆ ಚರಿತ್ರೆ ಹುಡುಕಿಕೊಂಡು ಬರುವವರು ಈಗಲೂ ಇದ್ದಾರೆ. ಆದರೆ ಜುಲೈಯಲ್ಲಿ ಈ ದಾರಿಯ ತುಂಬ ಸಾಲುಗಟ್ಟುವ ಕಾರುಗಳು ಬರುವುದು ಬೇರೆ ಕಾರಣಕ್ಕೆ. 2014ರಲ್ಲಿ ಶುರುವಾದ ಲೇಕ್‌ಪಾಯಿಂಟ್ ಎಂಬ ಕ್ರೀಡಾ ಸಂಕೀರ್ಣ ಇಲ್ಲಿದೆ. ಸುಮಾರು 1,300 ಎಕರೆಯ ಯೋಜನೆ. ಅದರೊಳಗೆ ವೃತ್ತಿಪರ ಅಳತೆಯ ಎಂಟು ಬೇಸ್‌ಬಾಲ್ ಮೈದಾನಗಳು.

ನಾನು ಹೋದದ್ದು ಜುಲೈ ಕೊನೆಯ ವಾರ. ಬೆಳಿಗ್ಗೆ ಎಂಟಕ್ಕೆ ಮುಂಚೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಕಾರು ನಿಲ್ಲಿಸುವ ಬಯಲಿನಲ್ಲಿ ಫ್ಲಾರಿಡಾ, ಟೆನೆಸ್ಸೀ, ಟೆಕ್ಸಾಸ್, ಒಹಾಯೊ ರಾಜ್ಯಗಳ ನಂಬರ್ ಪ್ಲೇಟುಗಳು. ಮಡಚುವ ಕುರ್ಚಿ, ಐಸ್ ಪೆಟ್ಟಿಗೆ, ಕಣ್ಣುಜ್ಜುತ್ತಿದ್ದ ತಂಗಿ ತಮ್ಮಂದಿರು, ಎಲ್ಲ ಒಂದೊಂದಾಗಿ ಕಾರುಗಳಿಂದ ಇಳಿಯುತ್ತಿದ್ದವು. ಹದಿನಾರು ಹದಿನೇಳರ ಹುಡುಗರು ಬ್ಯಾಟು ತುಂಬಿದ ಚೀಲ ಬೆನ್ನಿಗೇರಿಸಿಕೊಂಡು ಗೇಟಿನ ಕಡೆ ಹೊರಟಿದ್ದರು. ಮಗನ ಆಟ ನೋಡಲು ತಂದೆತಾಯಿಯೂ ಟಿಕೆಟ್ ಕೊಳ್ಳಬೇಕು. ಈ ಹುಡುಗರಲ್ಲಿ ಹೆಚ್ಚಿನವರು ಬಂದಿರುವುದು ಟ್ರೋಫಿಗಾಗಿ ಅಲ್ಲ ಎಂಬುದು ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಗೊತ್ತಾಗುತ್ತದೆ. ಅವರಿಗೆ ಬೇಕಿರುವುದು ಹೋಂ ಪ್ಲೇಟಿನ ಹಿಂದೆ ನೆರಳಲ್ಲಿ ಕೂತ ಕೆಲವರ ಕಣ್ಣು.

ನನಗೆ ದಾರಿ ತೋರಿಸಲು ಒಪ್ಪಿದವರನ್ನು ಇಲ್ಲಿ ಎಲ್ಲರೂ ‘ಕೋಚ್’ ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಹೆಸರು ಅಚ್ಚಾದರೆ ಹಣ ಕೊಡಲು ಸಿದ್ಧವಿರುವ ತಂದೆತಾಯಂದಿರ ಫೋನು ಶುರುವಾಗುತ್ತದೆ, ತನಗೆ ಆ ದಾರಿ ಬೇಡ ಎಂದರು. ಅಟ್ಲಾಂಟಾದ ದಕ್ಷಿಣ ಭಾಗದಲ್ಲಿ ಬೆಳೆದವರು. ಆಡುತ್ತಿದ್ದದ್ದು ಸೆಕೆಂಡ್ ಬೇಸ್‌ನಲ್ಲಿ. ಹೈಸ್ಕೂಲು ಮುಗಿದಾಗ ಯಾವ ದೊಡ್ಡ ವಿಶ್ವವಿದ್ಯಾಲಯವೂ ಕರೆಯಲಿಲ್ಲ. ಎರಡು ವರ್ಷದ ಜೂನಿಯರ್ ಕಾಲೇಜಿಗೆ ಹೋಗಿ, ಅಲ್ಲಿಂದ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ಬದಲಾಗಿ, ಪದವಿ ಪಡೆದು, ಕೆಳದರ್ಜೆಯ ವೃತ್ತಿಪರ ಲೀಗುಗಳಲ್ಲಿ ಕೆಲವು ಬೇಸಿಗೆ ಆಡಿದರು. ಒಂದು ದಿನ ತಂಡ ಅವರನ್ನು ಬಿಟ್ಟಿತು. ಈಗ ಸಾರ್ವಜನಿಕ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ರಜೆಯಲ್ಲೂ ವಾರಾಂತ್ಯದಲ್ಲೂ ತಮ್ಮ ಬಡಾವಣೆಯ ಹುಡುಗರನ್ನು ಕಾಲೇಜು ಮುಟ್ಟಿಸುವ ಕೆಲಸ. ಇದಕ್ಕೆ ಅವರು ಯಾರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ.

ಮೊದಲ ಮೈದಾನದ ಬೇಲಿಗೆ ಒರಗಿ ನಿಂತೆವು. ನೆಲಕ್ಕೆಲ್ಲ ಹಾಸಿರುವುದು ಕೃತಕ ಹುಲ್ಲು. ಮಳೆ ಬಂದು ನಿಂತ ಸ್ವಲ್ಪ ಹೊತ್ತಿಗೆ ಆಟ ಮತ್ತೆ ಶುರು ಮಾಡಬಹುದು ಎನ್ನುವುದು ಅದರ ಲಾಭ. ಬಿಸಿಲಿಗೆ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ ಎನ್ನುವುದು ಹುಡುಗರ ಕಾಲು ಅನುಭವಿಸುವ ಕಷ್ಟ. ಬೇಸ್‌ಬಾಲ್ ನೋಡದ ನಮ್ಮ ಓದುಗರಿಗೆ ಒಂದೆರಡು ಅಳತೆ ಹೇಳಬೇಕು. ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬದಿಂದ ಬ್ಯಾಟರ್ ಮುಂದಿನ ಹೋಂ ಪ್ಲೇಟಿಗೆ 60 ಅಡಿ 6 ಅಂಗುಲ. ಕ್ರಿಕೆಟ್ಟಿನ 22 ಗಜಕ್ಕಿಂತ ಐದೂವರೆ ಅಡಿ ಕಡಿಮೆ. ಗಂಟೆಗೆ 90 ಮೈಲಿ, ಅಂದರೆ ಸುಮಾರು 145 ಕಿಲೋಮೀಟರ್ ವೇಗದಲ್ಲಿ ಎಸೆಯಬಲ್ಲ ಹೈಸ್ಕೂಲು ಹುಡುಗನಿದ್ದರೆ ಈ ಬೇಲಿಯ ಹಿಂದೆ ಜನ ಸೇರುತ್ತಾರೆ.

ಆ ಜನ, ಕಾಲೇಜುಗಳ ಆಯ್ಕೆಗಾರರು, ಎದುರಿಗೇ ಇದ್ದರು. ವಿಶ್ವವಿದ್ಯಾಲಯದ ಲಾಂಛನ ಹೊತ್ತ ಅಂಗಿ, ಅಗಲ ಅಂಚಿನ ಟೊಪ್ಪಿ, ಒಂದು ಕೈಯಲ್ಲಿ ರೇಡಾರ್ ಗನ್, ಇನ್ನೊಂದರಲ್ಲಿ ಸ್ಟಾಪ್‌ವಾಚ್. ಪಿಚರ್ ಕೈ ಎತ್ತಿದೊಡನೆ ಐದಾರು ಗನ್ನುಗಳು ಒಟ್ಟಿಗೆ ಮೇಲೇಳುತ್ತವೆ, ಚೆಂಡು ಕ್ಯಾಚರನ ಕೈಗವಸಿಗೆ ಬಿದ್ದೊಡನೆ ಇಳಿಯುತ್ತವೆ. ಕ್ಯಾಚರ್ ಚೆಂಡು ಹಿಡಿದು ಎದ್ದು ಸೆಕೆಂಡ್ ಬೇಸ್‌ಗೆ ಎಸೆದು ಮುಟ್ಟಿಸಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ಒತ್ತುತ್ತಾರೆ. ಎರಡು ಸೆಕೆಂಡಿನ ಆಸುಪಾಸು ಇದ್ದರೆ ಪುಸ್ತಕದಲ್ಲಿ ಹೆಸರು ಬೀಳುತ್ತದೆ. ಓಟಕ್ಕೆ 60 ಗಜದ ಪರೀಕ್ಷೆ, ಏಳು ಸೆಕೆಂಡಿಗಿಂತ ಕಡಿಮೆ ಇರಬೇಕು. ಬ್ಯಾಟಿನಿಂದ ಚೆಂಡು ಹಾರಿದ ವೇಗ, ಚೆಂಡು ಗಾಳಿಯಲ್ಲಿ ತಿರುಗಿದ ಸುತ್ತು, ಇವನ್ನು ಅಳೆಯಲು ಟ್ರ್ಯಾಕ್‌ಮನ್, ರ‍್ಯಾಪ್ಸೋಡೊ ಎಂಬ ಯಂತ್ರಗಳು ಬಂದಿವೆ.

ಕೋಚ್ ನನ್ನ ಗಮನ ಸೆಳೆದದ್ದು ಯಂತ್ರಕ್ಕೆ ಸಿಗದ ಒಂದು ಕಡೆಗೆ. ಆಟಕ್ಕೆ ಮುಂಚೆ ನಡೆಯುವ ಹತ್ತು ನಿಮಿಷದ ಫೀಲ್ಡಿಂಗ್ ಅಭ್ಯಾಸವನ್ನು ಹುಡುಗರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅನುಭವಿ ಆಯ್ಕೆಗಾರ ಆಗಲೇ ಬಂದು ಕೂತಿರುತ್ತಾನೆ. ಪಾದದ ಚಲನೆ, ಕೈಯ ಮೆದುತನ, ತಪ್ಪಿದ ಚೆಂಡಿನ ಹಿಂದೆ ಓಡಿದ ರೀತಿ ಅಲ್ಲಿ ಕಾಣುವಷ್ಟು ಪಂದ್ಯದಲ್ಲಿ ಕಾಣುವುದಿಲ್ಲ. ಪಂದ್ಯ ಶುರುವಾದ ಮೇಲೆ ಸೆಕೆಂಡ್ ಬೇಸ್‌ನ ಹುಡುಗನಿಗೆ ಒಂದು ಚೆಂಡೂ ಬಾರದೆ ಹೋಗಬಹುದು. ಬ್ಯಾಟಿಂಗ್‌ಗೆ ಒಂದೇ ಸರದಿ ಸಿಕ್ಕು, ಅದನ್ನು ನೋಡಿದ ಆಯ್ಕೆಗಾರ ಎದ್ದು ಪಕ್ಕದ ಮೈದಾನಕ್ಕೆ ಹೋಗಿಬಿಡಬಹುದು. ಎಂಟು ಮೈದಾನ, ಎಲ್ಲ ಕಡೆ ಒಟ್ಟಿಗೆ ಆಟ. ಯಾರೂ ಎಲ್ಲವನ್ನೂ ನೋಡಲಾರರು.

ಇಂಥ ಟೂರ್ನಿಗಳ ವ್ಯವಸ್ಥೆ ಹೇಗೆ ಬೆಳೆಯಿತು ಎನ್ನುವುದು ತಿಳಿಯಬೇಕಾದ ಸಂಗತಿ. 1995ರಲ್ಲಿ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಜೆರ‍್ರಿ ಫೋರ್ಡ್ ಎಂಬವರು ಪರ್ಫೆಕ್ಟ್ ಗೇಮ್ ಸಂಸ್ಥೆ ಹುಟ್ಟುಹಾಕಿದರು. ಚಳಿಗಾಲ ದೀರ್ಘವಾದ ಅಯೋವಾದ ಹುಡುಗರನ್ನು ಯಾರೂ ನೋಡಲು ಬರುತ್ತಿರಲಿಲ್ಲ. ನೋಡುವವರನ್ನು ಒಂದೆಡೆ ಕರೆಸುವುದು ಅವರ ಯೋಚನೆಯಾಗಿತ್ತು. ಈಗ ಆ ಸಂಸ್ಥೆಯ ಬೇಸಿಗೆ ಟೂರ್ನಿಗಳಿಗೆ ನೂರಾರು ತಂಡಗಳು ಲೇಕ್‌ಪಾಯಿಂಟ್‌ಗೆ ಬರುತ್ತವೆ. ಹಲವು ಟೂರ್ನಿಗಳಲ್ಲಿ ಶಾಲೆಯ ಲೋಹದ ಬ್ಯಾಟಿಗೆ ಅವಕಾಶವಿಲ್ಲ, ಮರದ ಬ್ಯಾಟೇ ಆಗಬೇಕು. ಮರದ ಬ್ಯಾಟಿನಲ್ಲಿ ಚೆಂಡು ಸರಿಯಾದ ಜಾಗಕ್ಕೆ ತಾಗದಿದ್ದರೆ ಮುಂಗೈ ಜುಮ್ಮೆನ್ನುತ್ತದೆ, ಬ್ಯಾಟೂ ಮುರಿಯಬಹುದು. ಹೊಡೆತ ನಿಜವೋ ಅಲ್ಲವೋ ಕೂಡಲೇ ಗೊತ್ತಾಗುತ್ತದೆ.

ನನಗೆ ವಿಚಿತ್ರ ಎನಿಸಿದ್ದು ಆಯ್ಕೆಗಾರರ ಮೌನ. ಹುಡುಗರು ಅವರ ಪಕ್ಕದಲ್ಲೇ ನಡೆದುಹೋಗುತ್ತಾರೆ, ಇಬ್ಬರೂ ಮಾತಾಡುವುದಿಲ್ಲ. ಕಾರಣ ನಿಯಮ. ಹತ್ತನೇ ತರಗತಿ ಮುಗಿಸಿ ಹನ್ನೊಂದಕ್ಕೆ ಹೋಗುವ ವರ್ಷದ ಆಗಸ್ಟ್ 1 ಬರುವ ತನಕ ಕಾಲೇಜು ಆಟದ ಮೇಲ್ದರ್ಜೆಯಾದ ಡಿವಿಷನ್ 1ರ ಬೇಸ್‌ಬಾಲ್ ಕೋಚ್‌ಗಳು ಹುಡುಗನ ಜತೆ ಆಯ್ಕೆಯ ಮಾತು ಎತ್ತುವಂತಿಲ್ಲ. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ 2023ರ ಏಪ್ರಿಲ್‌ನಲ್ಲಿ ತಂದ ನಿಯಮ ಇದು. ಅದಕ್ಕೆ ಮುಂಚೆ ಎಂಟನೇ ತರಗತಿಯ ಮಕ್ಕಳೂ ತಮ್ಮ ವಿಶ್ವವಿದ್ಯಾಲಯ ಯಾವುದೆಂದು ಘೋಷಿಸಿಬಿಡುತ್ತಿದ್ದರು. ಮೀಸೆ ಮೂಡದ ಮಗುವಿನ ಭುಜ ಐದು ವರ್ಷದ ನಂತರ ಹೇಗಿರುತ್ತದೆಂದು ಯಾರಿಗೆ ಗೊತ್ತು? ಹುಡುಗನ ಬೆಳವಣಿಗೆ ನಿಂತರೆ ಕಾಲೇಜು ಮಾತಿಗೆ ತಪ್ಪುತ್ತಿತ್ತು. ಈ ನಿಯಮ ಬಂದದ್ದು ಬಹಳ ಒಳ್ಳೆಯದಾಯಿತೆಂದು ನನಗೂ ಅನಿಸಿತು. ನಾವು ನಿಂತಲ್ಲಿಂದ ಕಾಣುತ್ತಿದ್ದ ಹುಡುಗರಲ್ಲಿ ಎಷ್ಟೋ ಮಂದಿ ಇನ್ನು ಕೆಲವೇ ದಿನಗಳಲ್ಲಿ ಬರುವ ಆ ರಾತ್ರಿ ಹನ್ನೆರಡು ಗಂಟೆಗೆ ಫೋನು ಹಿಡಿದು ಕೂರುವವರು. ಹೆಚ್ಚಿನವರಿಗೆ ಫೋನು ಬರುವುದಿಲ್ಲ.

ಬರುವುದಿಲ್ಲ ಎನ್ನುವುದಕ್ಕೆ ಲೆಕ್ಕವಿದೆ. ಅಮೆರಿಕದಲ್ಲಿ ಹೈಸ್ಕೂಲು ಬೇಸ್‌ಬಾಲ್ ಆಡುವವರು ಸುಮಾರು ನಾಲ್ಕೂಮುಕ್ಕಾಲು ಲಕ್ಷ. ಎನ್‌ಸಿಎಎ ಲೆಕ್ಕದಂತೆ ಅವರಲ್ಲಿ ಅದರ ಮೂರು ಡಿವಿಷನ್‌ಗಳ ಯಾವುದಾದರೂ ಕಾಲೇಜು ತಂಡ ಸೇರುವವರು ನೂರಕ್ಕೆ ಏಳೆಂಟು. ಟಿವಿಯಲ್ಲಿ ಕಾಣುವ ಡಿವಿಷನ್ 1ಕ್ಕೆ ಹೋಗುವವರು ನೂರಕ್ಕೆ ಇಬ್ಬರು.

ನಾಲ್ಕನೇ ಮೈದಾನದ ಹಿಂದೆ ಒಂದು ಮರದ ನೆರಳು ಸಿಕ್ಕಿತು. ಅಲ್ಲಿ ಕೂತು ಕೋಚ್ ತಮ್ಮ ನೋಟ್‌ಬುಕ್ಕಿನಲ್ಲಿ ಗಣಿತ ಮಾಡಿ ತೋರಿಸಿದರು. ದಶಕಗಳ ಕಾಲ ಡಿವಿಷನ್ 1ರ ಒಂದು ಬೇಸ್‌ಬಾಲ್ ತಂಡಕ್ಕೆ ಕೊಡಬಹುದಾಗಿದ್ದ ವಿದ್ಯಾರ್ಥಿವೇತನ ಒಟ್ಟು 11.7. ಅದನ್ನು 27 ಜನರ ತನಕ ಹಂಚಬಹುದಿತ್ತು, ಒಬ್ಬರಿಗೆ ಕನಿಷ್ಠ ಕಾಲು ಭಾಗ ಕೊಡಬೇಕಿತ್ತು. ‘ಬೇಸ್‌ಬಾಲ್ ಆಡಿದರೆ ಕಾಲೇಜು ಪುಕ್ಕಟೆ’ ಎಂದು ನಂಬಿಕೊಂಡ ಮನೆಗಳಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಕಾಲು, ಅರ್ಧ. ಉಳಿದ ಹಣ ಸಾಲ.

2025ರ ಜೂನ್‌ನಲ್ಲಿ ಈ ಲೆಕ್ಕ ಮಗುಚಿತು. ಕಾಲೇಜು ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ, ಹೌಸ್ ಮೊಕದ್ದಮೆ ಎಂದು ಹೆಸರಾದ ವ್ಯಾಜ್ಯದ ರಾಜಿಗೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟರು. ಅದನ್ನು ಒಪ್ಪಿಕೊಂಡ ವಿಶ್ವವಿದ್ಯಾಲಯಗಳಿಗೆ ವಿದ್ಯಾರ್ಥಿವೇತನದ ಮಿತಿ ಹೋಯಿತು, ಬದಲಿಗೆ ತಂಡದಲ್ಲಿ 34 ಜನ ಮಾತ್ರ ಎಂಬ ಮಿತಿ ಬಂತು. ಅದುವರೆಗೆ ನಲವತ್ತು ಜನರ ತಂಡ ಕಟ್ಟಿಕೊಂಡಿದ್ದವರು ಕತ್ತರಿ ಹಿಡಿದರು. ಮಾತು ಪಡೆದಿದ್ದ ಹುಡುಗರು ಸ್ಥಾನ ಕಳೆದುಕೊಂಡದ್ದು ಕಂಡು ವಿಲ್ಕನ್ ಅವರೇ ಮೊದಲು ಒಪ್ಪಿಗೆ ತಡೆಹಿಡಿದು, ಅಂಥವರಿಗೆ ವಿನಾಯಿತಿ ಸೇರಿಸಿದ ಮೇಲಷ್ಟೇ ಸಹಿ ಹಾಕಿದರು. ಹಣವುಳ್ಳ ವಿಶ್ವವಿದ್ಯಾಲಯ ಈಗ 34 ಮಂದಿಗೂ ಪೂರ್ತಿ ವೇತನ ಕೊಡಬಹುದು. ಆದರೆ ಆ 34ರಲ್ಲಿ ಒಂದನ್ನು ಹದಿನೆಂಟರ ಹುಡುಗನಿಗೆ ಕೊಡಲು ಮನಸ್ಸು ಬರುವುದು ಕಷ್ಟ.

ಯಾಕೆಂದರೆ ಅವನ ಎದುರು ನಿಂತಿರುವವನಿಗೆ ಇಪ್ಪತ್ತೆರಡು. 2018ರ ಅಕ್ಟೋಬರ್‌ನಲ್ಲಿ ‘ಟ್ರಾನ್ಸ್‌ಫರ್ ಪೋರ್ಟಲ್’ ತೆರೆಯಿತು. ಕಾಲೇಜು ಆಟಗಾರರು ತಾವು ಬೇರೆ ಕಾಲೇಜಿಗೆ ಹೋಗಲು ಸಿದ್ಧ ಎಂದು ಹೆಸರು ಹಾಕುವ ಪಟ್ಟಿ ಅದು. ಈಗ ಎಷ್ಟು ಸಲ ಬೇಕಾದರೂ ಬದಲಾಗಬಹುದು. ಮೂರು ವರ್ಷ ಕಾಲೇಜು ಬೇಸ್‌ಬಾಲ್ ಆಡಿ ಪಳಗಿದವನು ಆ ಪಟ್ಟಿಯಲ್ಲಿ ಸಿಗುವಾಗ ಹೈಸ್ಕೂಲು ಹುಡುಗನನ್ನು ತಂದು ಬೆಳೆಸುವ ತಾಳ್ಮೆ ಎಷ್ಟು ಕೋಚ್‌ಗಳಿಗಿದೆ? ಇನ್ನೊಂದು ಕಡೆಯಿಂದಲೂ ದಾರಿ ಕಿರಿದಾಗಿದೆ. ವೃತ್ತಿಪರ ಬೇಸ್‌ಬಾಲಿನ ಮೇಲ್ದರ್ಜೆಯಾದ ಮೇಜರ್ ಲೀಗ್‌ನ ತಂಡಗಳು ಪ್ರತಿ ವರ್ಷ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್ 40 ಸುತ್ತು ನಡೆಯುತ್ತಿತ್ತು. ಕೋವಿಡ್ ವರ್ಷ 2020ರಲ್ಲಿ ಐದಕ್ಕೆ ಇಳಿದು, 2021ರಿಂದ 20ಕ್ಕೆ ನಿಂತಿದೆ. ಅದೇ ವರ್ಷ ಮೇಜರ್ ಲೀಗಿನ ಅಧೀನದ ಕೆಳದರ್ಜೆಯ ತಂಡಗಳನ್ನು 120ಕ್ಕೆ ಇಳಿಸಿದರು. ವೃತ್ತಿಪರ ಲೀಗಿಗೆ ಹೋಗಬೇಕಿದ್ದವರು ಕಾಲೇಜಿನಲ್ಲೇ ಉಳಿದರು. ಕಾಲೇಜಿಗೆ ಬರಬೇಕಿದ್ದವರು ಹೊರಗುಳಿದರು.

ಇದನ್ನೆಲ್ಲ ಹುಡುಗನಿಗೆ ನೇರವಾಗಿ ಹೇಳುವವರು ಬಹಳ ಕಡಿಮೆ. ಹೇಳಿದರೆ ವ್ಯಾಪಾರ ನಡೆಯುವುದಿಲ್ಲ. ಬೇಸಿಗೆ ತಂಡದ ಶುಲ್ಕ, ಪ್ರಯಾಣ, ಹೋಟೆಲು, ಖಾಸಗಿ ತರಬೇತಿ ಸೇರಿ ಒಂದು ಕುಟುಂಬ ವರ್ಷಕ್ಕೆ ಸಾವಿರಾರು ಡಾಲರ್ ಸುರಿಯುತ್ತದೆ. ಅದರ ಮೇಲೆ ‘ನಿಮ್ಮ ಮಗನನ್ನು ಕಾಲೇಜುಗಳಿಗೆ ಪರಿಚಯಿಸುತ್ತೇವೆ’ ಎಂದು ಹಣ ಕೇಳುವ ಸೇವೆಗಳು. ಕಾಲೇಜುಗಳೂ ಬೇಸಿಗೆ ಶಿಬಿರ ನಡೆಸಿ ಸಾವಿರಾರು ಹುಡುಗರಿಗೆ ಆಹ್ವಾನ ಕಳಿಸುತ್ತವೆ. ಆ ಪತ್ರ ಬಂದ ಮನೆಯಲ್ಲಿ ಹಬ್ಬ. ಅದು ಆಯ್ಕೆಯ ಸೂಚನೆ ಅಲ್ಲ, ಶಿಬಿರದ ಶುಲ್ಕ ಕಟ್ಟಿರೆಂಬ ಕರೆ ಎಂದು ತಿಳಿಸುವುದು ಕೋಚ್ ಪಾಲಿಗೆ ಬರುವ ಕೆಲಸ. ಆಗ ಆ ಹುಡುಗನ ಮುಖ ನೋಡಬೇಕಾಗುವುದೇ ಈ ಕೆಲಸದಲ್ಲಿ ಅವರಿಗೆ ಎಲ್ಲಕ್ಕಿಂತ ಕಷ್ಟದ್ದಂತೆ. ಆದರೂ ಹೇಳುತ್ತಾರೆ. ತಾವು ಹದಿನೇಳರಲ್ಲಿದ್ದಾಗ ಯಾರೂ ಹೇಳಲಿಲ್ಲವೆಂಬುದನ್ನು ಅವರು ಮರೆತಿಲ್ಲ.

ಆರನೇ ಮೈದಾನದ ಬೇಲಿ ಪಕ್ಕ ಕನ್ನಡ ಕಿವಿಗೆ ಬಿತ್ತು. ಅಟ್ಲಾಂಟಾದ ಉತ್ತರದ ಆಲ್ಫರೆಟಾ, ಜಾನ್ಸ್ ಕ್ರೀಕ್, ಕಮಿಂಗ್ ಕಡೆ ನಮ್ಮವರು ಸಾಕಷ್ಟಿದ್ದಾರೆ; ನೃಪತುಂಗ ಕನ್ನಡ ಕೂಟ ಅವರದ್ದೇ. ದಾವಣಗೆರೆ ಕಡೆಯ ತಾಯಿ, ಸಾಫ್ಟ್‌ವೇರ್ ಕೆಲಸದ ತಂದೆ, ಹನ್ನೊಂದನೇ ತರಗತಿಗೆ ಹೋಗಲಿರುವ ಮಗ. ಹುಡುಗ ಕ್ಯಾಚರ್. “ನಮ್ಮನೇಲಿ ಎಲ್ಲ ಕ್ರಿಕೆಟ್ಟು. ಇವನೊಬ್ಬ ಈ ಆಟ ಹಿಡ್ಕೊಂಡ. ಈಗ ನಂಗೂ ಇದೇ ಹುಚ್ಚು ನೋಡ್ರಿ,” ಎಂದರು ತಾಯಿ. ಕೋಚ್ ಅವರನ್ನು ಕೇಳಿದ ಮೊದಲ ಪ್ರಶ್ನೆ ಆಟದ ಬಗ್ಗೆ ಆಗಿರಲಿಲ್ಲ. ಅಂಕ ಎಷ್ಟು, ಗಣಿತ ಯಾವ ಹಂತದ್ದು ತೆಗೆದುಕೊಂಡಿದ್ದಾನೆ ಎಂದು ಕೇಳಿದರು. ಅಂಕ ಚೆನ್ನಾಗಿಯೇ ಇತ್ತು. ಹಾಗಾದರೆ ಡಿವಿಷನ್ 3 ನೋಡಿದ್ದೀರಾ ಎಂದರು.

ತಾಯಿಗೆ ಸ್ವಲ್ಪ ಮುಖ ಸಣ್ಣದಾಯಿತು. ಮೂರನೇ ದರ್ಜೆ ಎಂದರೆ ನಮಗೆ ಕೇಳಿಸುವುದೇ ಬೇರೆ. ಕೋಚ್ ಬಿಡಿಸಿ ಹೇಳಿದರು. ಡಿವಿಷನ್ 3ರಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಇಲ್ಲವೇ ಇಲ್ಲ. ಆದರೆ ಎಂಐಟಿ, ಜಾನ್ಸ್ ಹಾಪ್‌ಕಿನ್ಸ್, ಇದೇ ಅಟ್ಲಾಂಟಾದ ಎಮೊರಿ ಬೇಸ್‌ಬಾಲ್ ಆಡುವುದು ಅಲ್ಲೇ. ಅಂಥ ಕಡೆ ಪ್ರವೇಶ ಸಿಗುವುದೇ ದುರ್ಲಭವಾಗಿರುವಾಗ ಕೋಚ್ ಒಬ್ಬರು ಈ ಹುಡುಗ ನಮಗೆ ಬೇಕು ಎಂದರೆ ಆ ಮಾತಿಗೆ ತೂಕವಿದೆ. ಹಣ ಬರುವುದು ಓದಿನ ಕಡೆಯಿಂದ, ಮನೆಯ ಆದಾಯ ನೋಡಿ. ಜತೆಗೆ ಅವನು ನಾಲ್ಕು ವರ್ಷ ಬೆಂಚಿನ ಮೇಲೆ ಕೂರದೆ ಆಡುತ್ತಾನೆ. ತಂದೆ ಫೋನಿನಲ್ಲಿ ಬರೆದುಕೊಂಡರು.

ಕಾಲೇಜನ್ನು ಆರಿಸುವಾಗ ಆ ಕಾಲೇಜಿನ ಗಟ್ಟಿತನವನ್ನೂ ನೋಡಿ ಎಂದು ಕೋಚ್ ಹೇಳಿದ ಮಾತಿಗೆ ಕಣ್ಣಮುಂದೆಯೇ ಉದಾಹರಣೆ ಇದೆ. ಪಕ್ಕದ ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು ಹಣವಿಲ್ಲದೆ 2024ರ ಮೇ 31ರಂದು ಬಾಗಿಲು ಹಾಕಿತು. ಅದೇ ದಿನ ಅದರ ಬೇಸ್‌ಬಾಲ್ ತಂಡ ಒಹಾಯೊದಲ್ಲಿ ಡಿವಿಷನ್ 3ರ ವರ್ಲ್ಡ್ ಸೀರೀಸ್ ಆಡುತ್ತಿತ್ತು. ಇಲ್ಲದ ಕಾಲೇಜಿನ ಹೆಸರು ಎದೆಯ ಮೇಲೆ ಹೊತ್ತು ಆ ಹುಡುಗರು ಒಂದು ಪಂದ್ಯ ಗೆದ್ದೂ ಗೆದ್ದರು. ದೇಶವೆಲ್ಲ ಅವರನ್ನು ಕೊಂಡಾಡಿತು. ಪದವಿ ಮುಗಿಯದವರು ಮಾತ್ರ ಹೊಸ ಕಾಲೇಜು ಹುಡುಕಿಕೊಳ್ಳಬೇಕಾಯಿತು.

ನಮ್ಮಲ್ಲಿ ಕ್ರಿಕೆಟ್ಟಿಗೂ ಕಾಲೇಜಿಗೂ ಇಂಥ ಗಂಟು ಇಲ್ಲ. ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಇಬ್ಬರೂ ಇಂಜಿನಿಯರಿಂಗ್ ಓದಿದವರು, ಆದರೆ ಅವರನ್ನು ರಾಜ್ಯ ತಂಡಕ್ಕೆ ಮುಟ್ಟಿಸಿದ್ದು ಕ್ಲಬ್ಬು, ಲೀಗುಗಳ ದಾರಿ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ಅದು ಹಿಂದಿನ ಸಾಧನೆಗೆ ಕೊಡುವ ಸೀಟು. ಅಮೆರಿಕದಲ್ಲಿ ಕಾಲೇಜೇ ಮೆಟ್ಟಿಲು. ಹಾಗಾಗಿ ಹದಿನೇಳರ ಹುಡುಗನ ಆಟ, ಓದು, ಮನೆಯ ಹಣ ಮೂರೂ ಒಂದೇ ನಿರ್ಧಾರದಲ್ಲಿ ಸಿಕ್ಕಿಕೊಳ್ಳುತ್ತವೆ. ಬಲ್ಲವರೊಬ್ಬರು ಜತೆಗಿರುವುದು ಎಷ್ಟು ಮುಖ್ಯ ಎಂದು ನನಗೆ ಮನವರಿಕೆಯಾದದ್ದು ಆ ಬೇಲಿಯ ಪಕ್ಕದಲ್ಲಿ.

ಬುಲ್‌ಪೆನ್ ಎಂದರೆ ಪಿಚರ್‌ಗಳು ಕೈ ಕಾಯಿಸಿಕೊಳ್ಳುವ ಜಾಗ. ಅಲ್ಲಿ ಕೋಚ್ ದನಿ ಬದಲಾಯಿತು. ವೇಗವೊಂದನ್ನೇ ಎಲ್ಲರೂ ಅಳೆಯುವುದರಿಂದ ಹುಡುಗರು ಪ್ರತಿ ಎಸೆತಕ್ಕೂ ಪೂರ್ತಿ ಜೋರು ಹಾಕುತ್ತಾರೆ. ಮೊಣಕೈ ಒಳಗಿನ ಅಸ್ಥಿರಜ್ಜು ಹರಿಯುತ್ತದೆ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಪಿಚರ್ ಟಾಮಿ ಜಾನ್‌ಗೆ ಮಾಡಿದ ಶಸ್ತ್ರಚಿಕಿತ್ಸೆಗೆ ಆ ಆಟಗಾರನ ಹೆಸರೇ ಬಂತು. ಅಂದು ವೃತ್ತಿ ಮುಗಿಯಿತೆಂದುಕೊಂಡಿದ್ದವನೊಬ್ಬನಿಗೆ ಮಾಡಿದ ಪ್ರಯೋಗ ಇಂದು ಹೈಸ್ಕೂಲು ಹುಡುಗರಿಗೂ ಆಗುತ್ತಿದೆ. ಮೇಜರ್ ಲೀಗೂ ಯುಎಸ್‌ಎ ಬೇಸ್‌ಬಾಲೂ ಸೇರಿ 2014ರಲ್ಲಿ ಪಿಚ್ ಸ್ಮಾರ್ಟ್ ಎಂಬ ಮಾರ್ಗಸೂಚಿ ತಂದವು. ಹದಿನೇಳು ಹದಿನೆಂಟರ ಹುಡುಗ ದಿನಕ್ಕೆ 105 ಎಸೆತ ಮೀರಬಾರದು. 80 ದಾಟಿದರೆ ನಾಲ್ಕು ದಿನ ವಿರಾಮ. ಒಂದೇ ವಾರದಲ್ಲಿ ಎರಡು ತಂಡಗಳಿಗೆ ಆಡುವ ಹುಡುಗನ ಲೆಕ್ಕ ಇಡುವವರು ಯಾರು? ತಮ್ಮ ಹುಡುಗರ ಲೆಕ್ಕವನ್ನು ಕೋಚ್ ತಾವೇ ಇಡುತ್ತಾರೆ. ಆಯ್ಕೆಗಾರರು ನೋಡುತ್ತಿದ್ದರೂ ಸಂಖ್ಯೆ ಮುಟ್ಟಿತೆಂದರೆ ಹುಡುಗನನ್ನು ಇಳಿಸಿ ಎಂದು ತಂಡದವರಿಗೆ ಹೇಳಿ ಬರುತ್ತಾರೆ. ಜಗಳವೂ ಆಗಿದೆಯಂತೆ.

ಮಧ್ಯಾಹ್ನ ಅವರ ಕಾರಿನಲ್ಲಿ ದಕ್ಷಿಣಕ್ಕೆ ಹೊರಟೆವು. ಕಾಬ್ ಕೌಂಟಿಯಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡದ ಟ್ರೂಯಿಸ್ಟ್ ಪಾರ್ಕ್. 2017ರಲ್ಲಿ ತಂಡ ನಗರ ಬಿಟ್ಟು ಇಲ್ಲಿಗೆ ಬಂತು. ನಗರದೊಳಗೆ ಹಳೆಯ ಕ್ರೀಡಾಂಗಣವಿದ್ದ ಜಾಗ ದಾಟುವಾಗ ಕೋಚ್ ಕೈ ತೋರಿಸಿದರು. 1974ರ ಏಪ್ರಿಲ್ 8ರಂದು ಹ್ಯಾಂಕ್ ಆರನ್ ತಮ್ಮ 715ನೇ ಹೋಂ ರನ್ ಹೊಡೆದು ಬೇಬ್ ರೂತ್ ದಾಖಲೆ ಮುರಿದದ್ದು ಅಲ್ಲಿ. ಬಿಳಿಯನ ದಾಖಲೆ ಕರಿಯ ಮುರಿಯಬಾರದೆಂದು ಆರನ್‌ಗೆ ಬೆದರಿಕೆಯ ಪತ್ರಗಳು ರಾಶಿ ಬಿದ್ದಿದ್ದವು.

ಇವತ್ತಿನ ತೊಂದರೆ ಬೇರೆ. 1981ರಲ್ಲಿ ಮೇಜರ್ ಲೀಗ್ ಆಟಗಾರರಲ್ಲಿ ಕರಿಯ ಅಮೆರಿಕನ್ನರು ನೂರಕ್ಕೆ ಹದಿನೆಂಟಕ್ಕೂ ಹೆಚ್ಚಿದ್ದರು. 2024ರಲ್ಲಿ ಆರು. ಬೆಳಿಗ್ಗೆ ನೋಡಿದ ಟಿಕೆಟು, ಶುಲ್ಕ, ಹೋಟೆಲುಗಳ ಲೆಕ್ಕವನ್ನು ದಕ್ಷಿಣ ಅಟ್ಲಾಂಟಾದ ಒಂದು ಸಂಬಳದ ಮನೆಗೆ ಹಾಕಿ ನೋಡಿದರೆ ಕಾರಣದ ದೊಡ್ಡ ಪಾಲು ಅಲ್ಲೇ ಸಿಗುತ್ತದೆ. ಇದಕ್ಕೆ ಹೆಗಲು ಕೊಟ್ಟ ಹೆಸರಾಂತ ಆಟಗಾರರಿದ್ದಾರೆ. ಅಟ್ಲಾಂಟಾದಲ್ಲೇ ಹುಟ್ಟಿದ ಮಾರ್ಕ್ವಿಸ್ ಗ್ರಿಸಮ್ ಕರಿಯರ ಚಾರಿತ್ರಿಕ ವಿಶ್ವವಿದ್ಯಾಲಯಗಳಲ್ಲೊಂದಾದ ಫ್ಲಾರಿಡಾ ಎ ಅಂಡ್ ಎಂನಲ್ಲಿ ಓದಿ, ಆಡಿ, 17 ಋತು ಮೇಜರ್ ಲೀಗ್‌ನಲ್ಲಿದ್ದವರು. 1995ರಲ್ಲಿ ಬ್ರೇವ್ಸ್ ವರ್ಲ್ಡ್ ಸೀರೀಸ್ ಗೆದ್ದ ಕೊನೆಯ ಕ್ಯಾಚ್ ಹಿಡಿದದ್ದು ಅವರೇ. 2006ರಲ್ಲಿ ತಮ್ಮ ಹೆಸರಿನ ಸಂಘ ಕಟ್ಟಿ ಇಲ್ಲಿನ ಮಕ್ಕಳನ್ನು ತಯಾರು ಮಾಡುತ್ತ ಬಂದಿದ್ದಾರೆ. ಓಕ್ಲೆಂಡ್ ತಂಡ 2018ರಲ್ಲಿ ಆರಿಸಿದ ಲಾರೆನ್ಸ್ ಬಟ್ಲರ್ ಬೆಳೆದದ್ದು ಅವರ ಕೈಯಲ್ಲಿ. ಗ್ರಿಸಮ್ ಮಾಡುವ ಕೆಲಸದ ಸಣ್ಣ ತುಂಡನ್ನು ಒಂದು ಬಡಾವಣೆಗೆ ತಾನು ಮಾಡುತ್ತಿದ್ದೇನೆ ಎಂದರು ಕೋಚ್.

ನಾವು ತಲುಪಿದ್ದು ಒಂದು ಸಾರ್ವಜನಿಕ ಉದ್ಯಾನ. ನಿಜವಾದ ಹುಲ್ಲು, ಕೆಮ್ಮಣ್ಣಿನ ಇನ್‌ಫೀಲ್ಡ್, ಅಲ್ಲಲ್ಲಿ ಬಾಗಿದ ಬೇಲಿ. ಪಕ್ಕದ ಸಮುದಾಯ ಭವನದ ಒಂದು ಕೋಣೆಯಲ್ಲಿ ಉದ್ದ ಮೇಜು, ಹಳೆಯ ಕಂಪ್ಯೂಟರುಗಳು, ಗೋಡೆಗೆ ಬಿಳಿ ಹಲಗೆ. ಅಂದು ಹತ್ತಾರು ಹುಡುಗರು ಸೇರಿದ್ದರು. ಯಾರ ಕೈಯಲ್ಲೂ ಬ್ಯಾಟಿಲ್ಲ. ಪ್ರತಿಯೊಬ್ಬನ ಮುಂದೆ ಅವನ ಅಂಕಪಟ್ಟಿ.

ಹಲಗೆಯ ಮೇಲೆ ಬರೆದದ್ದು ಹೀಗಿತ್ತು: 16, 10, 7, 2.3, 3.0. ಎನ್‌ಸಿಎಎ ಒಪ್ಪುವ ಮುಖ್ಯ ವಿಷಯಗಳು 16. ಡಿವಿಷನ್ 1ಕ್ಕೆ ಹೋಗಬೇಕಾದರೆ ಹನ್ನೆರಡನೇ ತರಗತಿ ಶುರುವಾಗುವ ಮೊದಲೇ ಅದರಲ್ಲಿ 10 ಮುಗಿದಿರಬೇಕು, ಆ ಹತ್ತರಲ್ಲಿ 7 ಇಂಗ್ಲಿಷು, ಗಣಿತ ಇಲ್ಲವೇ ವಿಜ್ಞಾನ ಆಗಿರಬೇಕು. ಸರಾಸರಿ ಕನಿಷ್ಠ 2.3. ಹನ್ನೆರಡನೆಯ ತರಗತಿಯಲ್ಲಿ ಎಚ್ಚೆತ್ತುಕೊಂಡರೆ ಕಾಲ ಮೀರಿರುತ್ತದೆ. ಕೊನೆಯ 3.0 ಜಾರ್ಜಿಯಾದ ಹೋಪ್ ವಿದ್ಯಾರ್ಥಿವೇತನದ್ದು. 1993ರಿಂದ ರಾಜ್ಯದ ಲಾಟರಿ ಹಣದಲ್ಲಿ ನಡೆಯುವ ಯೋಜನೆ, ಸರಾಸರಿ 3.0 ಉಳಿಸಿಕೊಂಡವನಿಗೆ ರಾಜ್ಯದ ಕಾಲೇಜುಗಳಲ್ಲಿ ಬೋಧನಾ ಶುಲ್ಕದ ಭಾರ ಇಳಿಯುತ್ತದೆ. ಬೇಸ್‌ಬಾಲಿನ ಕಾಲು ವೇತನಕ್ಕಿಂತ ಇದು ದೊಡ್ಡದು, ಮೊಣಕೈ ಮುರಿದರೂ ಹೋಗುವುದಿಲ್ಲ. ಜತೆಗೆ ಕಾಲೇಜಿನ ಕೋಚ್‌ಗೂ ಅನುಕೂಲ: ಓದಿನ ಹಣ ತರುವ ಹುಡುಗನಿಗೆ ಅವರು ತಮ್ಮ ಹಣ ಖರ್ಚು ಮಾಡಬೇಕಿಲ್ಲ. ಎಲ್ಲರಿಗೂ ಕೈಗೆಟುಕುವ ಈ ಹಣವನ್ನು ಬಿಟ್ಟು ಕೆಲವರಿಗೆ ಮಾತ್ರ ಸಿಗುವುದರ ಹಿಂದೆ ಮನೆಗಳು ಓಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹುಡುಗರು ಕಾಲೇಜು ಕೋಚ್‌ಗಳಿಗೆ ಪತ್ರ ಬರೆಯುತ್ತಿದ್ದರು. ಪತ್ರ ಅವರೇ ಬರೆಯಬೇಕು. ತಾಯಿತಂದೆ ಬರೆದದ್ದು ಮೊದಲ ಸಾಲಿಗೇ ಗೊತ್ತಾಗುತ್ತದಂತೆ. ಯಾವ ವರ್ಷ ಹೈಸ್ಕೂಲು ಮುಗಿಯುತ್ತದೆ, ಎತ್ತರ, ತೂಕ, ಆಡುವ ಸ್ಥಾನ, ಅಂಕ, ಮುಂದಿನ ಪಂದ್ಯ ಎಲ್ಲಿ, ಯಾವ ಗಂಟೆಗೆ. ಜತೆಗೆ ಎರಡು ನಿಮಿಷದ ವಿಡಿಯೊ, ಹಿನ್ನೆಲೆ ಸಂಗೀತ ಇಲ್ಲದೆ. ಆ ಕಾಲೇಜಿಗೇ ಯಾಕೆ ಬರೆಯುತ್ತಿದ್ದೇನೆ ಎಂಬುದಕ್ಕೆ ಒಂದು ಸಾಲು, ಅದು ನಿಜವಾಗಿರಬೇಕು. ಒಬ್ಬ ಹುಡುಗ ಟಿವಿಯಲ್ಲಿ ಕಾಣುವ ಹತ್ತು ದೊಡ್ಡ ವಿಶ್ವವಿದ್ಯಾಲಯಗಳ ಪಟ್ಟಿ ಮಾಡಿ ತಂದಿದ್ದ. ಕೋಚ್ ಅದನ್ನು ಹರಿಯಲಿಲ್ಲ. ಎರಡನ್ನು ಉಳಿಸಿ, ಕೆಳಗೆ ಹದಿನೈದು ಗೆರೆ ಎಳೆದುಕೊಟ್ಟು, ಡಿವಿಷನ್ 2, ಡಿವಿಷನ್ 3, ಎನ್‌ಎಐಎ ಎಂಬ ಇನ್ನೊಂದು ಸಂಘದ ಕಾಲೇಜು, ಜೂನಿಯರ್ ಕಾಲೇಜು, ಎಲ್ಲ ಕಡೆಯಿಂದಲೂ ತುಂಬಿಸಿಕೊಂಡು ಬಾ ಎಂದರು. ನಿನ್ನಂತೆ ಸೆಕೆಂಡ್ ಬೇಸ್‌ನಲ್ಲಿ ಆಡುವವನು ಮುಂದಿನ ವರ್ಷ ಪದವಿ ಮುಗಿಸಿ ಹೊರಡುವ ತಂಡಗಳನ್ನು ಹುಡುಕು ಎಂದರು. ಬಾಯಿಮಾತಿನ ಭರವಸೆಗೆ ಯಾವ ಬಲವೂ ಇಲ್ಲ, ಲಿಖಿತ ಕೊಡುಗೆ ಬರುವ ತನಕ ಉಳಿದ ಬಾಗಿಲು ಮುಚ್ಚಬೇಡ ಎಂದರು.

ಜೂನಿಯರ್ ಕಾಲೇಜು ಎಂದಾಗ ಹುಡುಗರ ಮುಖದಲ್ಲಿ ಸೋಲು ಕಾಣುತ್ತಿತ್ತು. ಕೋಚ್ ಇಬ್ಬರ ಹೆಸರು ಹೇಳಿದರು. ಆಲ್ಬರ್ಟ್ ಪೂಹೋಲ್ಸ್ ಕ್ಯಾನ್ಸಸ್ ಸಿಟಿಯ ಮೇಪಲ್ ವುಡ್ಸ್ ಸಮುದಾಯ ಕಾಲೇಜಿನಲ್ಲಿ ಆಡಿದವರು. 1999ರ ಡ್ರಾಫ್ಟಿನಲ್ಲಿ 13ನೇ ಸುತ್ತಿನ ತನಕ ಯಾರೂ ಕರೆಯಲಿಲ್ಲ. ಬ್ರೈಸ್ ಹಾರ್ಪರ್ 2010ರಲ್ಲಿ ಮೊದಲನೆಯವರಾಗಿ ಆಯ್ಕೆಯಾಗುವಾಗ ಸದರ್ನ್ ನೆವಾಡಾ ಜೂನಿಯರ್ ಕಾಲೇಜಿನಲ್ಲಿದ್ದವರು. ಮೂರನೆಯದಾಗಿ ತಮ್ಮದೇ ಕಥೆ ಹೇಳಿದರು: ಆ ಎರಡು ವರ್ಷಗಳಲ್ಲಿ ಒಬ್ಬ ಮೇಷ್ಟ್ರು ಬೀಜಗಣಿತ ಹಿಡಿಸಿದ್ದರಿಂದ ಇವತ್ತು ತಿಂಗಳ ಸಂಬಳ ಬರುತ್ತಿದೆ ಎಂದು.

ಹನ್ನೆರಡನೇ ತರಗತಿಗೆ ಹೋಗಲಿದ್ದ ಹುಡುಗನೊಬ್ಬ ಎದ್ದ. ಅವನೂ ಸೆಕೆಂಡ್ ಬೇಸ್‌ನವನೇ. ಜಾರ್ಜಿಯಾದ ತೆಂಕಣ ಭಾಗದ ಒಂದು ಜೂನಿಯರ್ ಕಾಲೇಜಿನ ಕೋಚ್‌ಗೆ ಫೋನು ಮಾಡುವುದೆಂದು ಮೊದಲೇ ನಿಶ್ಚಯವಾಗಿತ್ತು. ಕೇಳಬೇಕಾದ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಂಡಿದ್ದ. ಎರಡು ಸಲ ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ. ನಿಮ್ಮ ತಂಡದಲ್ಲಿ ನನ್ನ ಸ್ಥಾನಕ್ಕೆ ಎಷ್ಟು ಜನ ಇದ್ದಾರೆ? ಎರಡನೇ ವರ್ಷದವರು ಎಷ್ಟು? ಕಳೆದ ವರ್ಷ ಮುಗಿಸಿದವರು ಯಾವ ಯಾವ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿ ನಿಮ್ಮ ಕಾಲೇಜಿನ ಅಂಕಗಳನ್ನು ಪೂರ್ತಿ ಒಪ್ಪಿಕೊಂಡರಾ? ಆ ಕಡೆಯವರು ಒಂದೊಂದಕ್ಕೂ ಸಾವಧಾನವಾಗಿ ಉತ್ತರ ಕೊಟ್ಟರು. ಆ ಸ್ಥಾನಕ್ಕೆ ಮೂವರಿದ್ದಾರೆ, ಇಬ್ಬರು ಬರುವ ಬೇಸಿಗೆಗೆ ಹೊರಡುತ್ತಾರೆ, ಶನಿವಾರ ಬಂದು ಮೈದಾನವನ್ನೂ ತರಗತಿಗಳನ್ನೂ ನೋಡಿಕೊಂಡು ಹೋಗು, ಬರುವಾಗ ಅಂಕಪಟ್ಟಿ ತಾ ಎಂದರು. ಹುಡುಗ ಅದನ್ನೂ ಬರೆದುಕೊಂಡು, ಎಷ್ಟು ಗಂಟೆಗೆ ಬರಬೇಕು, ಅಮ್ಮನನ್ನೂ ಕರೆತರಬಹುದಾ ಎಂದು ಕೇಳಿದ.